ಒಂದೂ ಗೆಲುವಿಲ್ಲದ ತಂಡವನ್ನು ಹೊಗಳಿದ್ದೇಕೆ?

ಪತ್ರ: ಹೋದ ಸಂಚಿಕೆಯಲ್ಲಿ ಫೋರ್ಸ್ ಇಂಡಿಯಾ ಫಾರ್ಮುಲಾ ಒನ್ ತಂಡವನ್ನು ‘ಅಪರೂಪದ ತಂಡ’ ಎಂದು ಬರೆದಿದ್ದೀರಿ. ಹತ್ತು ವರ್ಷದಲ್ಲಿ ಒಂದು ರೇಸೂ ಗೆಲ್ಲಲಿಲ್ಲ. ಒಬ್ಬ ಭಾರತೀಯ ಡ್ರೈವರ್‌ಗೂ ಸೀಟು ಕೊಡಲಿಲ್ಲ. ಮಲ್ಯ ಅವರ ಶೋಕಿ ಬಿಟ್ಟರೆ ಅದರಲ್ಲಿ ಇನ್ನೇನಿತ್ತು?
– ಓದುಗರೊಬ್ಬರು, ದಾವಣಗೆರೆ

ಸಂಪಾದಕರ ಉತ್ತರ:

ನಿಮ್ಮ ಲೆಕ್ಕ ಸರಿಯಾಗಿದೆ. ಗೆಲುವು ಸೊನ್ನೆ, ಭಾರತೀಯ ಡ್ರೈವರ್ ಸೊನ್ನೆ. ಶೋಕಿಗಂತೂ ಕೊರತೆ ಇರಲಿಲ್ಲ. ಆದರೂ ಬರೆದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ನನಗೆ ಮನಸ್ಸಿಲ್ಲ. ಯಾಕೆ ಅಂತ ಹೇಳುತ್ತೇನೆ.

ನಿಮ್ಮ ಊರಲ್ಲಿ ಹಳೇ ಬೆಣ್ಣೆ ದೋಸೆ ಹೋಟೆಲನ್ನು ಯಾರೋ ಹೊಸಬರು ಕೊಂಡರು ಅಂತಿಟ್ಟುಕೊಳ್ಳಿ. ಬೋರ್ಡು ಬದಲಾಗುತ್ತದೆ, ಗಲ್ಲಾಪೆಟ್ಟಿಗೆಯಲ್ಲಿ ಬೇರೆ ಮುಖ ಕಾಣುತ್ತದೆ. ಕಾವಲಿಯ ಮುಂದೆ ನಿಂತವರು ಮಾತ್ರ ಅವರೇ. ಈ ತಂಡದ ಕಥೆಯೂ ಹಾಗೇ. 1991ರಲ್ಲಿ ಎಡ್ಡಿ ಜೋರ್ಡನ್ ಎಂಬ ಐರಿಷ್ ವ್ಯಾಪಾರಿ ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ನಲ್ಲಿ ಇದನ್ನು ಫಾರ್ಮುಲಾ ಒನ್‌ಗೆ ಇಳಿಸಿದ. ಅದೇ ವರ್ಷ ಬೆಲ್ಜಿಯಂನ ಸ್ಪಾದಲ್ಲಿ ಮೈಕಲ್ ಶೂಮಾಕರ್ ತನ್ನ ಮೊದಲ ರೇಸ್ ಓಡಿಸಿದ್ದು ಈ ತಂಡದ ಕಾರಿನಲ್ಲೇ. ಕ್ಲಚ್ ಕೈಕೊಟ್ಟು ಮೊದಲ ಲ್ಯಾಪ್‌ನಲ್ಲೇ ನಿಂತುಬಿಟ್ಟ, ಅದು ಬೇರೆ ಮಾತು. ಜೋರ್ಡನ್ ಹೆಸರಲ್ಲಿ ನಾಲ್ಕು ಗೆಲುವು ಬಂದವು. ಕೊನೆಯದು 2003ರಲ್ಲಿ, ಬ್ರೆಜಿಲ್‌ನಲ್ಲಿ. ಆಮೇಲೆ ದುಡ್ಡು ಮುಗಿಯಿತು. 2006ಕ್ಕೆ ಮಿಡ್‌ಲ್ಯಾಂಡ್, 2007ಕ್ಕೆ ಸ್ಪೈಕರ್ ಎಂದು ಬೋರ್ಡು ಬದಲಾಯಿತು. 2007ರ ಅಕ್ಟೋಬರ್‌ನಲ್ಲಿ ವಿಜಯ್ ಮಲ್ಯ ಮತ್ತು ಡಚ್ ಉದ್ಯಮಿ ಮಿಖಿಯೆಲ್ ಮೋಲ್ ಸೇರಿ 8.8 ಕೋಟಿ ಯೂರೋಗೆ ಕೊಂಡರು.

2008ರ ಇಡೀ ವರ್ಷ ಒಂದೇ ಒಂದು ಪಾಯಿಂಟ್ ಬರಲಿಲ್ಲ. ಮೊನಾಕೊ ಮಳೆಯಲ್ಲಿ ತಂಡದ ಡ್ರೈವರ್ ಆಡ್ರಿಯನ್ ಸುಟಿಲ್ ನಾಲ್ಕನೆಯವನಾಗಿ ಓಡುತ್ತಿದ್ದ. ಕೊನೆ ಕೊನೆಗೆ ಫೆರಾರಿಯ ರೈಕೊನೆನ್ ಹಿಂದಿನಿಂದ ಬಂದು ಗುದ್ದಿದ. ಗ್ಯಾರೇಜಿಗೆ ವಾಪಸ್ ಬಂದ ಸುಟಿಲ್ ಅಳುತ್ತಿದ್ದ.

ಆಮೇಲೆ 2009ರ ಸ್ಪಾ. ತಂಡಕ್ಕೆ ಅದು 30ನೇ ರೇಸ್. ಅಲ್ಲಿಯವರೆಗೆ ಖಾತೆಯಲ್ಲಿ ಏನೂ ಇಲ್ಲ. ಶನಿವಾರ ತಂಡದ ಇನ್ನೊಬ್ಬ ಡ್ರೈವರ್ ಫಿಸಿಕೆಲ್ಲಾ ಪೋಲ್ ಪೊಸಿಷನ್, ಅಂದರೆ ರೇಸಿನಲ್ಲಿ ಎಲ್ಲರಿಗಿಂತ ಮುಂದೆ ನಿಂತು ಹೊರಡುವ ಜಾಗ ಹಿಡಿದ. ಟೀವಿಯಲ್ಲಿ ಪಟ್ಟಿ ಬಂದಾಗ ತಲೆಕೆಳಗಾಗಿ ಹಾಕಿದ್ದಾರೆ ಅಂದುಕೊಂಡವರಲ್ಲಿ ನಾನೂ ಒಬ್ಬ. ಇದು ಬರೀ ಅದೃಷ್ಟ ಆಗಿರಲಿಲ್ಲ. ಆ ವರ್ಷದ ಕಾರು ಗಾಳಿಯನ್ನು ಸಲೀಸಾಗಿ ಸೀಳುತ್ತಿತ್ತು. ಬೆನ್ನಿಗೆ ಮರ್ಸಿಡಿಸ್ ಎಂಜಿನ್ ಇತ್ತು. ಉದ್ದುದ್ದ ನೇರ ದಾರಿಗಳ ಟ್ರ್ಯಾಕ್ ಸಿಕ್ಕರೆ ಅದಕ್ಕೆ ಹಬ್ಬ. ಭಾನುವಾರ ಸೇಫ್ಟಿ ಕಾರ್ (ಅಪಘಾತವಾದಾಗ ಎಲ್ಲರನ್ನೂ ನಿಧಾನವಾಗಿ ಓಡಿಸಲು ಮುಂದೆ ಬರುವ ಕಾರು) ಪಕ್ಕಕ್ಕೆ ಸರಿದ ಕೂಡಲೇ ರೈಕೊನೆನ್‌ನ ಫೆರಾರಿ ಮುಂದೆ ನುಗ್ಗಿತು. ಫೆರಾರಿಯಲ್ಲಿ ಕರ್ಸ್ ಇತ್ತು. ಬ್ರೇಕ್ ಹಾಕಿದಾಗ ಸಿಗುವ ಶಕ್ತಿಯನ್ನು ಬ್ಯಾಟರಿಯಲ್ಲಿ ಕೂಡಿಟ್ಟು, ಬೇಕಾದಾಗ ಗುಂಡಿ ಒತ್ತಿ ಬಳಸುವ ಏರ್ಪಾಡು ಅದು. ಫೋರ್ಸ್ ಇಂಡಿಯಾ ಕಾರಿನಲ್ಲಿ ಅದಿರಲಿಲ್ಲ. ಉಳಿದ ರೇಸ್ ಪೂರ್ತಿ ಫಿಸಿಕೆಲ್ಲಾ ಅವನ ಬಾಲ ಬಿಡಲಿಲ್ಲ. ಕೊನೆಗೆ ಉಳಿದ ಅಂತರ ಒಂದು ಸೆಕೆಂಡ್‌ಗಿಂತ ಕಡಿಮೆ. ಮುಂದಿನ ರೇಸಿಗೆ ಫೆರಾರಿಯವರು ಫಿಸಿಕೆಲ್ಲಾನನ್ನೇ ಕರೆದುಕೊಂಡು ಹೋದರು!

ಅಲ್ಲಿಂದ ಮುಂದಿನ ಏರಿಕೆ ನಿಧಾನವಾದದ್ದು. 2009ರಲ್ಲಿ 13 ಪಾಯಿಂಟ್, 2010ರಲ್ಲಿ 68. ಇದನ್ನು ನೋಡಿ ಹಿಗ್ಗಬೇಡಿ. ಆ ವರ್ಷ ಪಾಯಿಂಟ್ ಲೆಕ್ಕವೇ ಬದಲಾಗಿ, ಗೆದ್ದವರಿಗೆ 10ರ ಬದಲು 25 ಸಿಗತೊಡಗಿತ್ತು. ನೋಡಬೇಕಾದದ್ದು ಸ್ಥಾನವನ್ನು. ಒಂಬತ್ತರಿಂದ ಏಳು, ಆರು, 2015ಕ್ಕೆ ಐದು. 2016 ಮತ್ತು 2017ರಲ್ಲಿ ಸತತ ನಾಲ್ಕು. ಮುಂದಿದ್ದವರು ಮರ್ಸಿಡಿಸ್, ಫೆರಾರಿ, ರೆಡ್ ಬುಲ್ ಮೂರೇ. ಅವರ ಖರ್ಚಿನ ಅರ್ಧವೂ ಇವರ ಕೈಯಲ್ಲಿರಲಿಲ್ಲ. ವಿಲಿಯಮ್ಸ್, ಮೆಕ್‌ಲಾರೆನ್, ರೆನೋ ಎಲ್ಲ ಹಿಂದೆ. ತಾಂತ್ರಿಕ ಮುಖ್ಯಸ್ಥ ಆಂಡ್ರ್ಯೂ ಗ್ರೀನ್ ಯಾರು ಗೊತ್ತಾ? 1991ರ ಮೊದಲ ಜೋರ್ಡನ್ ಕಾರಿನ ವಿನ್ಯಾಸದಲ್ಲೂ ಕೆಲಸ ಮಾಡಿದ್ದವರು. ಕಾವಲಿ ಮುಂದಿನವರು ಅಂದೆನಲ್ಲ, ಅವರೇ.

ಗೆಲುವು ಯಾಕೆ ಬರಲಿಲ್ಲ? ಒಂದೆರಡು ಸಲ ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ. 2012ರ ಬ್ರೆಜಿಲ್‌ನಲ್ಲಿ ನಮ್ಮ ತಂಡದ ಹುಲ್ಕೆನ್‌ಬರ್ಗ್ ತುಂಬಾ ಹೊತ್ತು ಮುಂದಿದ್ದು, ಕೊನೆಗೆ ಹ್ಯಾಮಿಲ್ಟನ್‌ಗೆ ಡಿಕ್ಕಿ ಹೊಡೆದ. 2017ರ ಬಾಕು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ತಂಡದ ಡ್ರೈವರ್‌ಗಳಾದ ಪೆರೆಜ್, ಓಕಾನ್ ಇಬ್ಬರೂ ಮುಂಚೂಣಿಯ ಹತ್ತಿರವೇ ಇದ್ದರು. ಒಂದೇ ತಂಡದವರು ತಮ್ಮತಮ್ಮಲ್ಲೇ ಗುದ್ದಿಕೊಂಡರು. ಮುಂದಿದ್ದ ಹ್ಯಾಮಿಲ್ಟನ್, ವೆಟಲ್ ಇಬ್ಬರೂ ಆಮೇಲೆ ಹಿಂದೆ ಬಿದ್ದರು. ಸುಮ್ನೆ ಓಡಿಸಿದ್ದರೆ ಸಾಕಿತ್ತು.

ಇನ್ನು ಮಲ್ಯ. ಅವರನ್ನು ಸಮರ್ಥಿಸುವುದು ನನ್ನ ಕೆಲಸವಲ್ಲ. 2018ರ ಜುಲೈನಲ್ಲಿ, ಹಂಗೆರಿ ರೇಸಿನ ವಾರಾಂತ್ಯದಲ್ಲೇ, ಸಾಲ ತೀರಿಸಲಾಗದ ತಂಡ ಕೋರ್ಟಿನ ಮೂಲಕ ದಿವಾಳಿ ಆಡಳಿತಕ್ಕೆ ಹೋಯಿತು. ಆ ಅರ್ಜಿ ಹಾಕಿದ್ದು ಬೇರೆ ಯಾರೂ ಅಲ್ಲ, ತಂಡದ ಡ್ರೈವರ್ ಪೆರೆಜ್. ಅವನಿಗೂ ಸಂಬಳ ಬಾಕಿ ಇತ್ತು. ಆದರೆ ತಂಡ ಪೂರ್ತಿ ಮುಚ್ಚಿಹೋಗಿ ಸುಮಾರು 400 ಜನ ಬೀದಿಗೆ ಬೀಳಬಾರದು ಎಂದು ಒಳಗಿನವರೇ ಕೇಳಿಕೊಂಡದ್ದಕ್ಕೆ ಹಾಗೆ ಮಾಡಿದೆ ಎಂದ. ಮಲ್ಯರ ಷೇರುಗಳಿಗೆ ನಮ್ಮ ಬ್ಯಾಂಕುಗಳ ಸಾಲದ ತಕರಾರು ಅಂಟಿಕೊಂಡಿತ್ತು. ಹಾಗಾಗಿ ಕೆನಡಾದ ಉದ್ಯಮಿ ಲಾರೆನ್ಸ್ ಸ್ಟ್ರೋಲ್ ಅವರ ಗುಂಪು ಕಂಪನಿಯನ್ನು ಬಿಟ್ಟು ಅದರ ಆಸ್ತಿಯನ್ನಷ್ಟೇ ಕೊಂಡಿತು. ಕಾನೂನಿನ ಪ್ರಕಾರ ಅದು ಹೊಸ ತಂಡವಾಯಿತು. ಆವರೆಗೆ ಗಳಿಸಿದ್ದ 59 ಪಾಯಿಂಟ್ ಅಳಿಸಿಹೋದವು. ಸೊನ್ನೆಯಿಂದ ಶುರುಮಾಡಿದ ಮೊದಲ ರೇಸ್ ಮತ್ತೆ ಅದೇ ಸ್ಪಾ. ಐದು ಮತ್ತು ಆರನೇ ಸ್ಥಾನ ಬಂತು.

2020ರಲ್ಲಿ ರೇಸಿಂಗ್ ಪಾಯಿಂಟ್ ಹೆಸರಿನ ಆ ತಂಡಕ್ಕೆ ಪೆರೆಜ್ ಬಹರೇನ್‌ನ ಸಾಖಿರ್‌ನಲ್ಲಿ ರೇಸ್ ಗೆದ್ದುಕೊಟ್ಟ. ಮೊದಲ ಲ್ಯಾಪ್‌ನಲ್ಲಿ ಪೆಟ್ಟು ತಿಂದು ಕಟ್ಟಕಡೆಗೆ ಬಿದ್ದಿದ್ದವನು! ಕಾರ್ಖಾನೆಗೆ 17 ವರ್ಷದ ನಂತರ ಬಂದ ಗೆಲುವು. ಇದನ್ನು ಫೋರ್ಸ್ ಇಂಡಿಯಾ ಲೆಕ್ಕಕ್ಕೆ ಬರೆಯಲು ಆಗುವುದಿಲ್ಲ, ಒಪ್ಪುತ್ತೇನೆ. ಆದರೆ ಸೊನ್ನೆ ಅಂದಾಗ ಇದನ್ನೂ ನೆನಪಿಟ್ಟುಕೊಳ್ಳಿ. ಈಗ ಅಲ್ಲಿ ಇರುವ ಬೋರ್ಡು ಆಸ್ಟನ್ ಮಾರ್ಟಿನ್.

ಭಾರತೀಯ ಡ್ರೈವರ್ ವಿಷಯದಲ್ಲಿ ನಿಮ್ಮ ಸಿಟ್ಟು ನನ್ನದೂ ಹೌದು. 2011ರಲ್ಲಿ ತಂಡದವರು ದೇಶವಿಡೀ ಹುಡುಕಿ ಮೂವರು ಹುಡುಗರನ್ನು ಆರಿಸಿದರು. ಅವರಲ್ಲಿ ನಮ್ಮ ಬೆಂಗಳೂರಿನ ಅರ್ಜುನ್ ಮೈನಿಯೂ ಒಬ್ಬ. ಯಾರಿಗೂ ಆ ಸೀಟು ಸಿಗಲಿಲ್ಲ. ತಮಾಷೆ ಅಂದರೆ ಇದೇ ಕಾರ್ಖಾನೆ 2005ರಲ್ಲೇ, ಜೋರ್ಡನ್ ಬೋರ್ಡಿನ ಕೊನೆಯ ವರ್ಷ, ಕೊಯಮತ್ತೂರಿನ ನಾರಾಯಣ್ ಕಾರ್ತಿಕೇಯನ್‌ಗೆ ಸೀಟು ಕೊಟ್ಟಿತ್ತು. ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಟೈರ್ ಗಲಾಟೆಯಾಗಿ ಆರೇ ಕಾರು ಓಡಿದವು. ಕಾರ್ತಿಕೇಯನ್ ನಾಲ್ಕನೆಯವನಾಗಿ ಬಂದು 5 ಪಾಯಿಂಟ್ ತಂದ. ಆಗ ಆ ತಂಡದ ಹೆಸರಲ್ಲಿ ಇಂಡಿಯಾ ಇರಲಿಲ್ಲ.