ಕ್ಲಿನಿಕ್ ಮುಚ್ಚಿ ರಾಜಕೀಯಕ್ಕೆ ಇಳಿಯಬೇಕೇ?

ಅಮೆರಿಕದ ರಾಜಕಾರಣಿ ಮೈಕ್ ಸಿಂಪ್ಸನ್ ಅವರಂತೆ ದಂತವೈದ್ಯ ವೃತ್ತಿ ಬಿಟ್ಟು ಶಾಸಕನಾಗುವ ದಾರಿ ಹಿಡಿಯಲೇ ಎಂದು ಕೇಳಿದ್ದೀರಿ. ನಾನು ಆ ದಾರಿ ಹಿಡಿದವನು. ನಮ್ಮೂರ ಪುರಸಭೆಗೆ ಚುನಾವಣೆ ಇನ್ನೇನು ಬಂತು ಎಂಬ ಮಾತನ್ನು ನಂಬಿ, ಹನ್ನೊಂದು ವರ್ಷ ನಡೆಸಿದ್ದ ಕ್ಲಿನಿಕ್ಕಿನ ಬಾಗಿಲು ಹಾಕಿ, ಡೆಂಟಲ್ ಚೇರನ್ನೂ ಎಕ್ಸ್‌ರೇ ಯಂತ್ರವನ್ನೂ ಮಾರಿಬಿಟ್ಟೆ.

ರಾಜಕೀಯದ ಆಸೆ ತಪ್ಪಾಗಿರಲಿಲ್ಲ; ಬಾಗಿಲು ಹಾಕಿದ್ದು ತಪ್ಪು. ರೂಟ್ ಕೆನಾಲ್ ಮಾಡಿಸಿಕೊಳ್ಳುವವರು ಮೂರು ನಾಲ್ಕು ಸಲ ಬರುತ್ತಾರೆ, ಪ್ರತಿ ಸಲವೂ ಜೊತೆಗೊಬ್ಬರು ಬರುತ್ತಾರೆ, ಹಾಗೆ ಬಂದವರು ಹೊರಗಿನ ಬೆಂಚಿನ ಮೇಲೆ ಕುಳಿತು ಕಟ್ಟಿಕೊಂಡ ಚರಂಡಿ, ಉರಿಯದ ಬೀದಿದೀಪ, ಆಗದ ಖಾತೆ ಬದಲಾವಣೆಯ ಬಗ್ಗೆ ಮಾತಾಡುತ್ತಾರೆ. ವಾರ್ಡಿನ ಸಂಗತಿಯೆಲ್ಲ ನನಗೆ ತಿಳಿಯುತ್ತಿದ್ದದ್ದು ಆ ಬೆಂಚಿನಿಂದ. ಕ್ಲಿನಿಕ್ ಮುಚ್ಚಿ ಮನೆಮನೆಗೆ ಹೋದಾಗ ಜನ ಚರಂಡಿಯ ಮಾತೇ ಎತ್ತಲಿಲ್ಲ, "ಮತ್ತೆ ಯಾವಾಗ ತೆಗೀತೀರಿ ಡಾಕ್ಟ್ರೇ?" ಎಂದಷ್ಟೇ ಕೇಳಿದರು. ಹಲ್ಲಿಗೆ ಕ್ಯಾಪ್ ಹಾಕುವುದು ಬಾಕಿಯಿದ್ದ ಅಜ್ಜಿಯೊಬ್ಬರು, ಮನೆಯಲ್ಲಿ ಆರು ಮತಗಳಿದ್ದವರು, ನನ್ನನ್ನು ಕಂಡು ಒಳಗೆ ಹೋದರು. ಬಾಯಿ ತೆರೆದು ಮಲಗಿದವರು ಎದುರು ಮಾತಾಡಲಾರರು. ಅಷ್ಟು ವರ್ಷ ಅದನ್ನೇ ನಾನು ಒಪ್ಪಿಗೆಯೆಂದು ಎಣಿಸಿದ್ದೆ.

ಚುನಾವಣೆ ಮುಂದಕ್ಕೆ ಹೋಯಿತು. ಕೊನೆಗೆ ಮೀಸಲಾತಿ ಪಟ್ಟಿ ಬಂದಾಗ ನನ್ನ ವಾರ್ಡು ಬೇರೆ ವರ್ಗಕ್ಕೆ ಹೋಗಿತ್ತು. ಮೀಸಲಾತಿಯ ಸರದಿಯೆಂದರೆ ಹಾಗೆಯೇ, ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಪಟ್ಟಿ ಬರುವ ಮೊದಲೇ ಅನ್ನದ ದಾರಿಯನ್ನು ಮುಚ್ಚಿಕೊಂಡವನು ನಾನು. ನಾಮಪತ್ರ ಸಲ್ಲಿಸುವ ಯೋಗವೂ ಬರಲಿಲ್ಲ, ಸಾಲದ ಕಂತುಗಳು ಮಾತ್ರ ತಪ್ಪದೆ ಬಂದವು.

ನೀವು ಸಿಂಪ್ಸನ್ ಅವರ ಬದುಕನ್ನು ಕೊನೆಯಿಂದ ಓದುತ್ತಿದ್ದೀರಿ. 1977ರಲ್ಲಿ ದಂತವೈದ್ಯ ಪದವಿ ಪಡೆದ ಅವರು ಐಡಾಹೊ ರಾಜ್ಯದ ಬ್ಲ್ಯಾಕ್‌ಫುಟ್ ಎಂಬ ಸಣ್ಣ ಊರಿನಲ್ಲಿ ಮನೆಯವರ ಕ್ಲಿನಿಕ್ ಸೇರಿದರು, 1980ರಲ್ಲಿ ಅಲ್ಲಿನ ನಗರಸಭೆಗೂ 1984ರಲ್ಲಿ ರಾಜ್ಯದ ಶಾಸನಸಭೆಗೂ ಆಯ್ಕೆಯಾದರು, ಮುಂದೆ ಅದರ ಸ್ಪೀಕರ್ ಆದರು. ಆ ಶಾಸನಸಭೆಯ ಅಧಿವೇಶನ ಜನವರಿಯಲ್ಲಿ ಶುರುವಾಗಿ ಸಾಮಾನ್ಯವಾಗಿ ಮೂರು ತಿಂಗಳ ಆಸುಪಾಸಿನಲ್ಲಿ ಮುಗಿಯುವುದರಿಂದ ಅಲ್ಲಿನ ಅನೇಕ ಸದಸ್ಯರಿಗೆ ಬೇರೆ ಕಸುಬೂ ಇರುತ್ತದೆ. ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿಗೆ ಅವರು ಗೆದ್ದದ್ದು 1998ರಲ್ಲಿ, ಅಂದರೆ ನಗರಸಭೆ ಸೇರಿ 18 ವರ್ಷಗಳಾದ ಮೇಲೆ. ಸಾಲ್ಮನ್ ಮೀನುಗಳಿಗಾಗಿ ಸ್ನೇಕ್ ನದಿಯ ನಾಲ್ಕು ಅಣೆಕಟ್ಟುಗಳನ್ನು ಒಡೆಯಬೇಕೆಂದು 2021ರಲ್ಲಿ ಹೇಳಿ, ಸ್ವಂತ ಪಕ್ಷದವರ ವಿರೋಧ ಕಟ್ಟಿಕೊಂಡರೂ 2022ರಲ್ಲಿ ಮತ್ತೆ ಗೆದ್ದರು. ಜನರ ನಡುವೆ ಅಷ್ಟು ಕಾಲ ಬದುಕದವರಿಗೆ ಆ ಧೈರ್ಯ ಎಲ್ಲಿಂದ ಬರಬೇಕು?

ಆದ್ದರಿಂದ ವೃತ್ತಿಯೋ ರಾಜಕೀಯವೋ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಕ್ಲಿನಿಕ್ ತೆರೆದಿರಲಿ. ಓಡಾಟದ ದಿನಗಳಿಗೆ ಕಿರಿಯ ವೈದ್ಯರೊಬ್ಬರನ್ನು ಇಟ್ಟುಕೊಳ್ಳಿ, ಅರ್ಧಕ್ಕೆ ನಿಂತ ಹಲ್ಲುಗಳನ್ನೆಲ್ಲ ಮುಗಿಸಿಕೊಡಿ, ಮೀಸಲಾತಿ ಪಟ್ಟಿ ಕೈಗೆ ಬರುವವರೆಗೆ ಒಂದು ಬ್ಯಾನರನ್ನೂ ಬರೆಸಬೇಡಿ. ಹೊರಗಿನ ಬೆಂಚನ್ನು ಮಾತ್ರ ಸ್ವಲ್ಪ ಉದ್ದ ಮಾಡಿಸಿ.