ತೈಪೆ ಕೇಂದ್ರ: ಏಜೆಂಟರ ಅಂಗಡಿಯಲ್ಲ

ಡೊಂಬಿವಲಿಯ ಹಿರಿಯ ಓದುಗರೊಬ್ಬರು ಬರೆದಿದ್ದಾರೆ: ‘ಮಗಳಿಗೆ ತೈವಾನಿನಲ್ಲಿ ಎಂ.ಎಸ್. ಸೀಟು ಸಿಕ್ಕಿದೆ. ವೀಸಾಕ್ಕೆ “ತೈಪೆ ಆರ್ಥಿಕ ಮತ್ತು ಸಾಂಸ್ಕೃತಿಕ ಕೇಂದ್ರ”ಕ್ಕೆ ಹೋಗಬೇಕಂತೆ. ರಾಯಭಾರ ಕಚೇರಿ ಎಂದು ಎಲ್ಲಿಯೂ ಇಲ್ಲ. ಇಂಥವರನ್ನು ನಂಬಿ ಪಾಸ್‌ಪೋರ್ಟ್ ಕೊಡಬಹುದೇ?’

ಕೊಡಬಹುದು, ನಿಶ್ಚಿಂತೆಯಿಂದ ಕೊಡಿ. ಹೆಣ್ಣುಮಗಳನ್ನು ದೂರದೇಶಕ್ಕೆ ಕಳಿಸುವ ತಂದೆಯ ಅಂಜಿಕೆ ನನಗೆ ಅರ್ಥವಾಗುತ್ತದೆ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

1950ರ ಏಪ್ರಿಲ್‌ನಲ್ಲಿ ಭಾರತವು ಚೀನಾದ ಬೀಜಿಂಗ್ ಸರ್ಕಾರದೊಂದಿಗೆ ರಾಜತಾಂತ್ರಿಕ ಸಂಬಂಧ ಬೆಳೆಸಿತು. ತೈವಾನ್ ತನ್ನದೇ ಭಾಗವೆನ್ನುವ ಬೀಜಿಂಗ್ ಜೊತೆ ಸಂಬಂಧ ಇರಿಸಿಕೊಂಡವರು ತೈವಾನನ್ನು ಪ್ರತ್ಯೇಕ ದೇಶವೆಂದು ಒಪ್ಪುವಂತಿಲ್ಲ. ಆದರೆ ವ್ಯಾಪಾರ, ಓದು, ಓಡಾಟ ನಿಲ್ಲುವಂಥವಲ್ಲವಲ್ಲ! ಹಾಗಾಗಿ 1995ರಲ್ಲಿ ತೈವಾನಿನ ರಾಜಧಾನಿ ತೈಪೆಯಲ್ಲಿ ನಮ್ಮ ‘ಇಂಡಿಯಾ-ತೈಪೆ ಅಸೋಸಿಯೇಷನ್’, ದೆಹಲಿಯಲ್ಲಿ ಅವರ ಈ ಕೇಂದ್ರ ತೆರೆದವು. 2012ರಲ್ಲಿ ಚೆನ್ನೈಯಲ್ಲಿ, 2024ರ ಅಕ್ಟೋಬರ್‌ನಲ್ಲಿ ನಮ್ಮ ಮುಂಬಯಿಯಲ್ಲಿ ಶಾಖೆಗಳಾದವು. ಮುಂಬಯಿ ಶಾಖೆಗೆ ಬೀಜಿಂಗ್ ಪ್ರತಿಭಟನೆ ಸಲ್ಲಿಸಿತು. ಬರೀ ಏಜೆಂಟರ ಅಂಗಡಿಯಾಗಿದ್ದರೆ ಅದಕ್ಕೆ ಯಾರು ತಕರಾರು ತೆಗೆಯುತ್ತಿದ್ದರು?

ಫಲಕದಲ್ಲಿರುವುದು ಊರಿನ ಹೆಸರು, ದೇಶದ್ದಲ್ಲ. ಆ ಒಂದು ಪದವನ್ನು ತೂಗಿಯೇ ಇಟ್ಟಿದ್ದಾರೆ. 2021ರಲ್ಲಿ ಲಿಥುವೇನಿಯಾ ‘ತೈಪೆ’ಯ ಬದಲು ‘ತೈವಾನ್’ ಹೆಸರಿನ ಕಚೇರಿಗೆ ಒಪ್ಪಿತು. ಚೀನಾ ಆ ದೇಶದೊಂದಿಗಿನ ಸಂಬಂಧದ ದರ್ಜೆಯನ್ನೇ ಇಳಿಸಿತು. ಅಮೆರಿಕವೂ 1979ರಿಂದ ಲಾಭರಹಿತ ಖಾಸಗಿ ಸಂಸ್ಥೆಯೊಂದರ ಮೂಲಕ ತೈಪೆಯೊಂದಿಗೆ ವ್ಯವಹರಿಸುತ್ತಿದೆ. ಅಲ್ಲಿಗೆ ಹೋಗುವ ಅಧಿಕಾರಿಗಳು ಬಹುಕಾಲ ಸರ್ಕಾರಿ ಸೇವೆಯಿಂದ ಹೊರಬಂದೇ ಕೆಲಸ ಮಾಡಬೇಕಿತ್ತು.

ಮುಂಬಯಿಗೆ ಇದು ಹೊಸತೂ ಅಲ್ಲ. 1950ರಲ್ಲಿ ಭಾರತ ಇಸ್ರೇಲನ್ನು ಮಾನ್ಯ ಮಾಡಿದರೂ ಪೂರ್ಣ ಸಂಬಂಧ ಬೆಳೆದದ್ದು 1992ರಲ್ಲಿ. ನಡುವಿನ ಸುಮಾರು ನಾಲ್ಕು ದಶಕಗಳ ಕಾಲ, 1953ರಿಂದ, ಈ ನಗರದಲ್ಲಿದ್ದ ಕಾನ್ಸುಲೇಟ್ ಒಂದೇ ಇಲ್ಲಿ ಇಸ್ರೇಲಿನ ಬಾಗಿಲು. ಕೊಂಕಣ ಕರಾವಳಿಯ ಬೆನೆ ಇಸ್ರೇಲ್ ಯಹೂದಿ ಕುಟುಂಬಗಳು ಅಲ್ಲಿಗೆ ವಲಸೆ ಹೋದದ್ದು ಬಹುಪಾಲು ಆ ವರ್ಷಗಳಲ್ಲೇ.

ಇಂಥ ಏರ್ಪಾಡನ್ನು ಬೂಟಾಟಿಕೆ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಸರ್ಕಾರಗಳ ಜಗಳ ತೀರುವವರೆಗೆ ನಿಮ್ಮ ಮಗಳ ಓದು ಕಾಯಬೇಕೇ?

ಇನ್ನೆರಡು ಮಾತು. ಮಗಳು ಅಲ್ಲಿ ಪಾಸ್‌ಪೋರ್ಟ್ ಕಳೆದುಕೊಂಡರೆ ಹೋಗಬೇಕಾದದ್ದು ಇಂಡಿಯಾ-ತೈಪೆ ಅಸೋಸಿಯೇಷನ್‌ಗೆ. ಆ ವಿಳಾಸವನ್ನು ಈಗಲೇ ಬರೆದುಕೊಡಿ. ಕೈಗೆ ಬಂದ ವೀಸಾದಲ್ಲಿ ‘ರಿಪಬ್ಲಿಕ್ ಆಫ್ ಚೈನಾ’ ಎಂದು ಕಂಡರೆ ಗಾಬರಿಯಾಗಬೇಡಿ. ಅದು ತೈವಾನ್ ಸರ್ಕಾರದ ಅಧಿಕೃತ ಹೆಸರು. ಬೀಜಿಂಗ್‌ನ ಹೆಸರಿನಲ್ಲಿ ಮೊದಲಿಗೆ ‘ಪೀಪಲ್ಸ್’ ಎಂದಿರುತ್ತದೆ.

— ಸಂಪಾದಕ