‘ವಾಕೆಡ್’, ‘ಜಂಪೆಡ್’ ಎನ್ನುವ ಮಕ್ಕಳನ್ನು ತಿದ್ದುವುದು ಹೇಗೆ?

ನೀವು ತುಮಕೂರಿನಲ್ಲಿ ಎಂಟನೇ ತರಗತಿಗೆ ಇಂಗ್ಲಿಷ್ ಕಲಿಸುತ್ತಿದ್ದೀರಿ, ಕ್ರಿಯಾಪದಕ್ಕೆ ‘ಇ-ಡಿ’ (ed) ಅಕ್ಷರ ಸೇರಿಸುವ ಭೂತಕಾಲದ ಮೂರು ಉಚ್ಚಾರ ನಿಯಮಗಳನ್ನು ಬಾಯಿಪಾಠ ಮಾಡಿಸಿದರೂ ಮಕ್ಕಳು ‘ವಾಕ್ಟ್’ (walked), ‘ಜಂಪ್ಟ್’ (jumped) ಅನ್ನದೆ ‘ವಾಕೆಡ್’, ‘ಜಂಪೆಡ್’ ಎಂದೇ ಓದುತ್ತಾರೆ ಅಂದಿದ್ದೀರಿ. ನಾನು ಕೋಲಾರ ಜಿಲ್ಲೆಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಡಂ. ನಮ್ಮಲ್ಲಿ ಮನೆಯಲ್ಲಿ ತೆಲುಗು ಮಾತಾಡುವ ಮಕ್ಕಳು ತುಂಬಾ ಇದ್ದಾರೆ. ಅವರದೂ ಇದೇ ಪಾಡು. ದಯವಿಟ್ಟು ಇದನ್ನು ಮಕ್ಕಳ ಸೋಮಾರಿತನ ಅಂದುಕೊಳ್ಳಬೇಡಿ. ಬಸ್ಸು, ಕಾರು, ಬೆಂಚು ಎಂದು ಪದವನ್ನು ಸ್ವರದಲ್ಲಿ ಮುಗಿಸಿ ರೂಢಿಯಾದ ನಾಲಿಗೆಗೆ ಕೊನೆಯಲ್ಲಿ ಎರಡು ವ್ಯಂಜನ ಜೊತೆಗೆ ಬಂದರೆ ತಡವರಿಕೆ ಆಗುತ್ತದೆ. ಸ್ಪೆಲ್ಲಿಂಗಿನಲ್ಲಿ ಬೇರೆ ಒಂದು ಸ್ವರ ಕಾಣುತ್ತದೆ, ಅದನ್ನೇ ಹಿಡಿದುಕೊಳ್ಳುತ್ತಾರೆ.

ನಿಯಮವನ್ನು ವರ್ಣಮಾಲೆಯಿಂದಲೇ ಹೇಳಿಕೊಡಿ. ವರ್ಗದ ಮೊದಲನೇ ಅಕ್ಷರ, ಮೂರನೇ ಅಕ್ಷರ ಅನ್ನುವುದು ಕನ್ನಡ ಪಾಠದಿಂದ ಅವರಿಗೆ ಗೊತ್ತಿರುವ ಮಾತು. ಕ್ರಿಯಾಪದದ ಕೊನೆಯ ಸದ್ದು ಮೊದಲನೇ ಅಕ್ಷರದ್ದು, ಅಂದರೆ ಕ್, ಚ್, ಪ್ ಬಂದರೆ ಟ್: ಕುಕ್ಟ್, ವಾಚ್ಟ್, ಹೆಲ್ಪ್ಟ್. ಸ್, ಶ್, ಫ್ ಕೂಡ ಇದೇ ಗುಂಪು. ಮೂರನೇ ಅಕ್ಷರದ ಗ್, ಜ್, ಬ್, ಇಲ್ಲವೇ ಅನುನಾಸಿಕ, ಲ್, ವ್ ಅಥವಾ ಸ್ವರ ಬಂದರೆ ಡ್: ಬೆಗ್ಡ್, ಕ್ಲೀನ್ಡ್, ಕಾಲ್ಡ್, ಪ್ಲೇಡ್. ಕ್ರಿಯಾಪದ ಟ್ ಅಥವಾ ಡ್‌ನಲ್ಲೇ ಮುಗಿದರೆ ಮಾತ್ರ ಇಡ್: ವಾಂಟಿಡ್, ಲೋಡಿಡ್. ವರ್ಣಮಾಲೆ ಕೈಕೊಡುವುದು ಒಂದೇ ಕಡೆ: ‘ಕ್ಲೋಸ್’, ‘ಯೂಸ್’ ಕ್ರಿಯಾಪದಗಳ ಕೊನೆಯ ಸದ್ದು ನಿಜವಾಗಿ ‘ಸ್’ ಅಲ್ಲ, ಜ಼ಡ್ ಅಕ್ಷರದ ಸದ್ದು. ಗಂಟಲ ಮೇಲೆ ಬೆರಳಿಟ್ಟು ಹೇಳಿಸಿ; ನಡುಕ ಸಿಕ್ಕರೆ ಡ್ ಎಂದು ತಾವೇ ಹೇಳುತ್ತಾರೆ.

ಆದರೆ ನಿಯಮ ಗೊತ್ತಾದ ಮಾತ್ರಕ್ಕೆ ನಾಲಿಗೆ ತಿರುಗುವುದಿಲ್ಲ. ನನ್ನ ತರಗತಿಯಲ್ಲಿ ನಿಜವಾಗಿ ಕೆಲಸಕ್ಕೆ ಬಂದದ್ದು ‘ಡಾಕ್ಟರ್’. ಆ ಪದ ಹೇಳಲು ಯಾವ ಮಗುವೂ ತಡವರಿಸುವುದಿಲ್ಲ, ಅದರ ಹೊಟ್ಟೆಯಲ್ಲೇ ‘ಕ್ಟ’ ಇದೆ. ಹಾಗೆಯೇ ‘ಕ್ಯಾಪ್ಟನ್’ನಲ್ಲಿ ‘ಪ್ಟ’, ‘ಮಾಸ್ಟರ್’ನಲ್ಲಿ ‘ಸ್ಟ’. ಒತ್ತಕ್ಷರ ಪದದ ನಡುವೆ ಬಂದರೆ ನಮ್ಮ ಮಕ್ಕಳು ಗಟ್ಟಿಗರು, ತೊಡಕೆಲ್ಲ ಕೊನೆಯಲ್ಲಿ. ಆದ್ದರಿಂದ ‘ವಾಕ್ಟ್’ ಒಂದನ್ನೇ ಹೇಳಿಸಬೇಡಿ. ಮುಂದೆ ಸ್ವರದಿಂದ ಶುರುವಾಗುವ ಪದ ಇಡಿ: ‘ವಾಕ್ಟ್ ಇನ್’ ಅನ್ನುವುದನ್ನು ‘ವಾಕ್ಟಿನ್’ ಎಂದು ಕೂಡಿಸಿ ಹೇಳಲಿ, ‘ಸ್ಟಾಪ್ಟ್ ಅಟ್’ ಅನ್ನುವುದನ್ನು ‘ಸ್ಟಾಪ್ಟಟ್’ ಎಂದು. ಇಂಗ್ಲಿಷರೂ ಮಾತಿನ ಓಟದಲ್ಲಿ ಹಾಗೆಯೇ ಕೂಡಿಸುತ್ತಾರೆ. ಇದು ಸಲೀಸಾದ ಮೇಲೆ ಮುಂದಿನ ‘ಇನ್’ ತೆಗೆದುಬಿಡಿ.

ವಾಕ್ಯಗಳನ್ನು ಅವರ ಮನೆಯ ಕೆಲಸದಿಂದಲೇ ತೆಗೆದುಕೊಳ್ಳಿ. ನಮ್ಮ ಕಡೆ ಟೊಮೆಟೊ: ‘ವಿ ಪಿಕ್ಟ್ ಆಲ್ ದ ಟೊಮ್ಯಾಟೋಸ್, ಪ್ಯಾಕ್ಟ್ ಎವ್ರಿ ಬಾಕ್ಸ್, ಲೋಡಿಡ್ ಎ ಟೆಂಪೋ, ಅರೈವ್ಡ್ ಅಟ್ ದ ಮಾರ್ಕೆಟ್.’ ಟ್, ಡ್, ಇಡ್ ಮೂರೂ ಬಂದವು. ಹೇಳುತ್ತಾ ಚಪ್ಪಾಳೆ ತಟ್ಟಲಿ. ‘ಪಿಕ್ಟ್’ಗೆ ಒಂದೇ ಚಪ್ಪಾಳೆ, ‘ಲೋಡಿಡ್’ಗೆ ಎರಡು. ‘ಪಿಕೆಡ್’ ಅಂದವನ ಕೈ ಎರಡು ಸಲ ತಟ್ಟಿದಾಗ ಪಕ್ಕದವರೇ ಹಿಡಿಯುತ್ತಾರೆ. ನಿಮ್ಮ ಕಡೆ ಅಡಿಕೆ ಇದೆಯಲ್ಲ: ಪೀಲ್ಡ್, ಬಾಯ್ಲ್ಡ್, ಡ್ರೈಡ್, ಸಾರ್ಟಿಡ್, ಪ್ಯಾಕ್ಟ್.

ಒಂದು ಎಚ್ಚರಿಕೆ. ‘ಎಡ್’ ಬೇಡ ಬೇಡ ಎಂದು ಗದರಿದರೆ ಹೆದರಿದ ಮಗು ಕೊನೆಯ ಸದ್ದನ್ನೇ ನುಂಗಿ ‘ಯೆಸ್ಟರ್‌ಡೇ ಐ ವಾಕ್’ ಅನ್ನತೊಡಗುತ್ತದೆ. ನನ್ನ ಮಟ್ಟಿಗೆ ಅದು ಹೆಚ್ಚಿನ ತಪ್ಪು, ಏಕೆಂದರೆ ಅಲ್ಲಿ ಕಾಲವೇ ಹೋಯಿತು. ‘ವಾಕೆಡ್’ ಅಂದರೆ ಕೇಳುವವರಿಗೆ ಅರ್ಥವಾದರೂ ಆಗುತ್ತದೆ. ಟ್ ಬದಲು ಡ್ ಬಂದರಂತೂ ಬಿಟ್ಟುಬಿಡಿ, ಬೇಗ ಹೇಳುವಾಗ ‘ಕ್’ ಪಕ್ಕದ ‘ಡ್’ ತಾನಾಗಿಯೇ ‘ಟ್’ ಕಡೆಗೆ ವಾಲುತ್ತದೆ. ಪಾಠ ಓದಿಸುವಾಗ ತಿದ್ದಿ. ಮಗು ತನ್ನ ಮನೆಯ ವಿಷಯ ಹೇಳಿಕೊಳ್ಳುತ್ತಿರುವಾಗ ನಡುವೆ ಬಾಯಿ ಹಾಕಬೇಡಿ. ಅದು ಮುಗಿಸಿದ ಮೇಲೆ ಅದೇ ಪದವನ್ನು ನಿಮ್ಮ ಪ್ರಶ್ನೆಯೊಳಗೆ ಸರಿಯಾಗಿ ಹೇಳಿ ಕೇಳಿಸಿದರೆ ಸಾಕು.